ತ್ರ್ಯಂಬಕನ ಅಕ್ಷರ

ಕಂದೀಲಿನ ಗಾಜಿನೊಳಗೆ ಬೂದಿ ಹಚ್ಚಿದ ಬಟ್ಟೆ ತಿರುಗಿಸುತ್ತ ತಾರಾಬಾಯಿ ಉಕ್ತಲೇಖನ ಹೇಳುತ್ತಿದ್ದಳು. ‘‘ಮಲಪ್ರಭೆ ತುಂಬಿ ಹರಿಯಿತು. ಬರಕೊಂಡ್ರೇನು?’’

ಪಡಸಾಲೆಯ ಚಾಪೆಯ ಮೇಲೆ ಬಗ್ಗಿ ಕೂತಿದ್ದ ಚನ್ನವ್ವ ತಲೆಯಾಡಿಸಿದಳು. ಪಕ್ಕದಲ್ಲಿದ್ದ ಜುಬೇದಾ, ಟಾಂಗಾ ಇಮಾಮಸಾಬನ ಮಗಳು, ‘‘ಬಾಯಾರ, ಇನ್ನೊಮ್ಮೆ ಹರೀಲಿರಿ,’’ ಎಂದಳು.

ತಾರಾ ನಕ್ಕಳು. ನಕ್ಕೊಡನೆ ಎಂದಿನಂತೆ ಅಳುಕಿದಳು. ಅವಳು ನಕ್ಕಾಗಲೆಲ್ಲ ಒಳಕೋಣೆಯಲ್ಲಿ ಯಾರೋ ಪುಸ್ತಕ ಮುಚ್ಚಿದ ಸಪ್ಪಳ. ಗಂಡ ತ್ರ್ಯಂಬಕ ವಿಷಮಜ್ವರದಲ್ಲಿ ಹೋಗಿ ನಾಲ್ಕು ವರ್ಷವಾಗಿತ್ತು. ಅತ್ತೆ, ಮೈದುನ, ಅವನ ಹೆಂಡತಿ ಮಕ್ಕಳು ತುಂಬಿದ ಮನೆಯಲ್ಲಿ ಆ ಸಪ್ಪಳ ಕೇಳುತ್ತಿದ್ದುದು ಅವಳೊಬ್ಬಳಿಗೆ.

ಸಂಸ್ಥಾನ ಹೋಗಿ ರಾಮದುರ್ಗದ ಶಾಲೆ ಸರಕಾರದ್ದಾದ ಮೇಲೆ ಮಕ್ಕಳು ಹೆಚ್ಚಿದರು, ಕಲಿಸುವವರು ಹೆಚ್ಚಲಿಲ್ಲ. ರಘೋತ್ತಮ ಮಾಸ್ತರರು ಓಣಿ ಓಣಿ ತಿರುಗಿ, ಓದುಬರಹ ಬಲ್ಲವರು ಇಬ್ಬಿಬ್ಬರು ಮಕ್ಕಳನ್ನು ದಿನಕ್ಕೊಂದು ತಾಸು ಮನೆಯಲ್ಲೇ ಕೂರಿಸಿಕೊಂಡು ಓದಿಸಿರೆಂದು ಬೇಡಿಕೊಂಡರು. ಸಂಬಳವಿಲ್ಲ. ಹನ್ನೊಂದು ಮನೆಯವರು ಒಪ್ಪಿದರು. ಹನ್ನೊಂದನೆಯ ಮನೆ ಇದು. ಶನಿವಾರಕ್ಕೊಮ್ಮೆ ಅವರು ಬಂದು ಕಟ್ಟೆಯ ಮೇಲೆ ಕೂತು ಮಕ್ಕಳನ್ನು ಪರೀಕ್ಷಿಸುತ್ತಿದ್ದರು. ಇವತ್ತೂ ಬಂದು ಕೂತರು.

‘‘ಏನ್ರಿ ತಾರಾಬಾಯಾರ, ಇವತ್ತ ಯಾರು ಯಾರನ್ನ ಅಳಿಸ್ಯಾರ?’’

‘‘ಜುಬೇದಾ ನನ್ನ ಅಳಿಸ್ಯಾಳ. ನಿಮ್ಮ ಸಾಲ್ಯಾಗ ಇಂಥಾವ್ರು ಇನ್ನೆಷ್ಟ ಮಂದಿ ಇದ್ದಾರ?’’

‘‘ಒಬ್ಬಾಕೀನ. ಹುಡುಕಿ ನಿಮಗ ಕೊಟ್ಟೀನಿ.’’

ಮಾತು ಮುಗಿದರೂ ಅವರ ನೋಟ ಹೊಳೆಯುವ ಗಾಜಿನಾಚೆ ಅವಳ ಬೆರಳುಗಳ ಮೇಲೇ ಇತ್ತು. ಅವಳು ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು.

ಹುಡುಗಿಯರು ಆ ವಾರವಷ್ಟೇ ಕಲ್ಲಿನ ಪಾಟಿ ಬಿಟ್ಟು ಕಾಗದದ ವಹಿಗೆ ಬಂದಿದ್ದರು. ಮಾಸ್ತರರು ಜುಬೇದಾಳ ವಹಿ ತೆರೆದರು. ಚನ್ನವ್ವನದನ್ನೂ ಇಸಿದುಕೊಂಡು ಮಗ್ಗುಲಿಗಿಟ್ಟರು.

‘‘ಇದು ತ್ರ್ಯಂಬಕನ ಅಕ್ಷರ,’’ ಎಂದರು. ಅವರೂ ತ್ರ್ಯಂಬಕನೂ ಒಂದೇ ಬೆಂಚಿನ ಮೇಲೆ ಕೂತು ಕಲಿತವರು. ‘‘ಇಲ್ನೋಡ್ರಿ, ‘ರ’ದ ಹೊಟ್ಟಿ ಒಂದೀಟು ವಾರೆ. ಮಾಸ್ತರ ಎಷ್ಟ ಹೊಡದ್ರೂ ಬಿಡಲಿಲ್ಲ ಅವ.’’

ತಾರಾ ವಹಿಯ ಮೇಲೆ ಬಗ್ಗಿ ನೋಡಿದಳು. ಲಗ್ನವಾಗಿ ಬಂದಾಗ ಅವಳಿಗೆ ಅಕ್ಷರ ಬರುತ್ತಿರಲಿಲ್ಲ. ಮಣಿಕಟ್ಟು ಹಿಡಿದು ತಿದ್ದಿಸಿದವನು ಅವನು. ಸತ್ತವನ ಕೈ ಇಷ್ಟು ವರ್ಷ ತನ್ನ ಕೈಯೊಳಗೇ ಇದ್ದದ್ದು ಅವಳಿಗೆ ಹೊಳೆದೇ ಇರಲಿಲ್ಲ.

ಹುಡುಗಿಯರು ಹೋದರು. ಅತ್ತೆ ಸುಂದರಾಬಾಯಿ ಹಿತ್ತಲಲ್ಲಿದ್ದರು. ಮಾಸ್ತರರು ಏಳಲಿಲ್ಲ.

‘‘ನನಗ ಸವದತ್ತಿಗೆ ವರ್ಗ ಆಗೇದ. ಬುಧವಾರ ಹೋಗಬೇಕು. ಅಲ್ಲೂ ಹಿಂಗ ಮನಿ ಮನ್ಯಾಗ ಕಲಿಸೂದು ಸುರು ಮಾಡಬೇಕಂತೀನಿ. ನೀವೂ ಬರ್ರಿ.’’

‘‘ಕೆಲಸಕ್ಕ ಕರೀತೀರೇನು?’’

‘‘ಕೆಲಸಕ್ಕೂ.’’ ಅವರ ಕಿವಿ ಕೆಂಪಾದವು. ‘‘ರಜಿಸ್ಟರ ಲಗ್ನ ಆಗೂಣು. ಭಾಳ ದಿನದಿಂದ ಹೇಳಬೇಕಂತಿದ್ದೆ, ಧೈರ್ಯ ಸಾಲಲಿಲ್ಲ.’’

ಅವಳು ಮೆಲ್ಲಗೆ, ‘‘ನಾ ಹೋದ್ರ ಅವರು ಎಲ್ಲಿರ್ತಾರ? ಈ ಮನ್ಯಾಗ ಎಲ್ಲಾರೂ ಅವರನ್ನ ಮರತಾರ. ನನ್ನ ಹಂತೇಕ ಅಷ್ಟ ಉಳದಾರ,’’ ಎಂದಳು.

‘‘ಹಂಗಂತ ನಾನೂ ತಿಳಕೊಂಡಿದ್ದೆ. ಈಗ ನೋಡಿದ್ರಿ, ಟಾಂಗಾದವನ ಮಗಳ ಹಂತೇಕೂ ಇದ್ದಾನ. ನಾಳೆ ಆಕಿ ಯಾರಿಗರೆ ಕಲಸ್ತಾಳ. ಅವನ್ನ ಹೊತಗೊಂಡು ಕೂಡೂ ಕೆಲಸ ನಿಮ್ಮೊಬ್ಬರದ ಅಲ್ಲ ಈಗ.’’

ಟೋಪಿ ಕೈಗೆತ್ತಿಕೊಂಡರು. ‘‘ಬುಧವಾರದೊಳಗ ಒಂದು ಮಾತು ಹೇಳ್ರಿ. ಹೂಂ ಅಂದ್ರ ನಿಮ್ಮ ಮೈದುನರ ಮುಂದ ನಾನ ಬಂದು ಕೇಳ್ತೀನಿ.’’

ಅವರು ಓಣಿಯ ತಿರುವಿನಲ್ಲಿ ಮರೆಯಾದಾಗ ಸುಂದರಾಬಾಯಿ ಮೆಂತೆಸೊಪ್ಪಿನ ಬುಟ್ಟಿ ತಂದು ಮುಂದಿಟ್ಟರು.

‘‘ಏನಂತ ರಘೋತ್ತಮಂದು? ಇಷ್ಟೊತ್ತು ಕೂತಿದ್ದಾ.’’

‘‘ಸವದತ್ತಿಗೆ ವರ್ಗ ಆಗೇದಂತ್ರಿ.’’

‘‘ಪಾಪ, ಅಲ್ಲೂ ಒಬ್ಬನ ಕೈ ಸುಟ್ಟಗೊಂಡು ಉಣಬೇಕು.’’

ತಾರಾ ಸೊಪ್ಪು ಸೋಸತೊಡಗಿದಳು. ಮೂರು ಮನೆಯಾಚೆಯ ಇಂದ್ರವ್ವ ಏಳನೆಯ ಇಯತ್ತೆ ಓದಿದವಳು. ಬಾಯಿ ಸ್ವಲ್ಪ ಜೋರು, ಆದರೆ ಮಕ್ಕಳ ಮೇಲೆ ಕೈ ಎತ್ತುವವಳಲ್ಲ. ಸೋಮವಾರ ಅವಳನ್ನು ಕೇಳಬೇಕು, ಚನ್ನವ್ವ ಜುಬೇದಾ ಇಬ್ಬರನ್ನೂ ಅವಳಿಗೆ ಒಪ್ಪಿಸಬೇಕು. ಮಂಗಳವಾರ ಮಾಸ್ತರರಿಗೆ ಹೂಂ ಅನ್ನಬೇಕು.

‘‘ಏನ ವಿಚಾರ ನಡಸೀಯ?’’ ಅತ್ತೆ ಕೇಳಿದರು.

‘‘ಏನಿಲ್ರಿ. ಈ ಸಲ ಮೆಂತೆದಾಗ ಕಸ ಭಾಳ ಅದ.’’