ಸೋಸಿದ ಸುಣ್ಣ

ಬುಧವಾರ ಬೆಳಗ್ಗೆ ಎಂಟಕ್ಕೆ ದೂರು ಬಂತು. ತಮಿಳು ಸೀಮೆಯ ಹನುಮಂತನಪಟ್ಟಿ ಆಚೆಯ ಗುಡ್ಡದ ಬುಡದಲ್ಲಿರುವ ತಾಮ್ರದ ಘಟಕದ ಮ್ಯಾನೇಜರ್ ವಿಘ್ನೇಶ್ವರನ್ ಠಾಣೆಗೆ ನುಗ್ಗಿ, ಯಾರೂ ಕೂರಿ ಅನ್ನುವ ಮೊದಲೇ ಕುರ್ಚಿ ಎಳೆದುಕೊಂಡ.

"ನನ್ನ ರಾಶಿಯನ್ನ ಯಾರೋ ಕೊಂದಿದ್ದಾರೆ ಮೇಡಂ."

"ರಾಶಿ ಅಂದರೆ?" ಇನ್ಸ್‌ಪೆಕ್ಟರ್ ಅಭಿರಾಮಿ ಕೇಳಿದರು.

ಅವನು ವಿವರಿಸಿದ: ತಾಮ್ರ ಕಡಿಮೆಯಿರುವ ಕಲ್ಲನ್ನು ಒಡೆದು ಪ್ಲಾಸ್ಟಿಕ್ ಹಾಸಿನ ಮೇಲೆ ಗುಡ್ಡೆ ಹಾಕುತ್ತಾರೆ. ಮೇಲಿನಿಂದ ಡ್ರಿಪ್ ಪೈಪಿನಲ್ಲಿ ಆಸಿಡ್ ನೀರು ಹನಿಸುತ್ತಾರೆ. ತಿಂಗಳುಗಟ್ಟಲೆ ಹನಿಸಿದರೆ ತಾಮ್ರ ಕರಗಿ ತೊಟ್ಟಿಗೆ ನೀಲಿ ನೀರಾಗಿ ಇಳಿಯುತ್ತದೆ. ಈಗ ಪೈಪುಗಳೆಲ್ಲ ಕಟ್ಟಿಕೊಂಡಿವೆ, ರಾಶಿ ಮೇಲೆ ಬಿಳಿ ಹೆಪ್ಪುಗಟ್ಟಿದೆ.

ಅರ್ಧ ಗಂಟೆಯಲ್ಲಿ ಎಫ್‌ಐಆರ್ ಸಿದ್ಧವಾಯಿತು. ಬಡವರ ದೂರಿಗೆ ಇಷ್ಟು ಚುರುಕು ಎಲ್ಲಾದರೂ ಕಂಡಿದ್ದೀರಾ, ಹೇಳಿ!

ಸ್ಥಳ ಪಂಚನಾಮೆಯಲ್ಲಿ ಸಿಕ್ಕಿದ್ದು ಸುಣ್ಣದ ಖಾಲಿ ಚೀಲಗಳು. ಆಸಿಡ್ ಚೆಲ್ಲಿದರೆ ಅದರ ಶಕ್ತಿ ಕೊಲ್ಲಲೆಂದು ಘಟಕದವರೇ ಇಟ್ಟುಕೊಂಡಿದ್ದವು. ಪಕ್ಕದಲ್ಲೊಂದು ಡ್ರಮ್ಮು, ಅದರ ಬಾಯಿಗೆ ಕಟ್ಟಿದ ಹಳೇ ಸೀರೆ. ಸೀರೆಯಲ್ಲಿ ಸುಣ್ಣದ ಹರಳು ನಿಂತಿತ್ತು.

"ಕೆಡಿಸೋಕೆ ಬಂದವನು ಸೋಸಿದ್ದಾನಲ್ಲ! ಹುಚ್ಚನಾ?" ಅಂದ ಹೆಡ್ ಕಾನ್‌ಸ್ಟೇಬಲ್ ವೇಲುಸಾಮಿ.

"ಹುಚ್ಚಲ್ಲ, ಕೈರೂಢಿ. ದ್ರಾಕ್ಷಿಗೆ ರೋಗ ಬಂದರೆ ಮೈಲುತುತ್ತದ ನೀರಿಗೆ, ಇವರ ತೊಟ್ಟಿಯ ನೀಲಿ ನೀರಿನಂಥದ್ದಕ್ಕೇ, ಸುಣ್ಣ ಕಲಸಿ ಹೊಡೀತೀವಿ. ಸೋಸದಿದ್ದರೆ ಸ್ಪ್ರೇಯರ್ ಕಟ್ಟಿಕೊಳ್ಳುತ್ತೆ. ನಮ್ಮಮ್ಮನೂ ಸೀರೆಯಲ್ಲೇ ಸೋಸೋದು," ಅಂದರು ಅಭಿರಾಮಿ.

ವಾಚ್‌ಮನ್ ತಂಗರಾಜನನ್ನು ಕರೆಸಿದರು.

"ಇಲ್ಲಿ ಕೆಲಸ ಮಾಡೋರಲ್ಲಿ ದ್ರಾಕ್ಷಿ ತೋಟದವರು ಯಾರು?"

"ಕಸ ಗುಡಿಸೋ ರಾಜಮ್ಮಾಳ್ ಒಬ್ಬಳೇ ಮೇಡಂ. ಚಿನ್ನಸಾಮಿ ಹೆಂಡತಿ. ಅವರು ತೀರಿಹೋದಮೇಲೆ ಇಲ್ಲಿ ಕೆಲಸಕ್ಕೆ ಬಂದಳು."

ಮಧ್ಯಾಹ್ನ ಊರೊಳಗಿನ ಮನೆಗೆ ಹೋದಾಗ ರಾಜಮ್ಮಾಳ್ ಜಗಲಿ ಮೇಲೆ ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದಳು. ಕೈಬೆರಳೆಲ್ಲ ಸುಣ್ಣ ತಿಂದು ಬಿರಿದಿದ್ದವು. ಅಭಿರಾಮಿ ತಮಿಳು ಬಿಟ್ಟು ಇಬ್ಬರದೂ ಮನೆಮಾತಾದ ಕನ್ನಡಕ್ಕೆ ತಿರುಗಿ, ಊರ ಹಿರಿಯರನ್ನು ಕರೆಯುವ ಹಾಗೆ ಕರೆದು ಕೇಳಿದರು.

"ಸುಣ್ಣ ಹಾಕಿದ್ದು ನೀವೇನಾ ಅತ್ತೆ?"

"ನಾನೇ ತಾಯಿ."

"ಯಾಕೆ?"

"ಅವರ ಹಾಸು ಹರಿದು ನಮ್ಮ ಬಾವಿಗೆ ಆಸಿಡ್ ಇಳೀತು. ತೋಟದ ಎಲೆಯೆಲ್ಲ ಸುಟ್ಟೋಯ್ತು. ನಮ್ಮ ಯಜಮಾನರು ಕೇಳೋಕೆ ಹೋದರೆ ಆ ಮ್ಯಾನೇಜರು ಚಾವಡಿಗೆ ಬಂದು, ಊರೆಲ್ಲ ಕೂತಿರುವಾಗ ಏನಂದ ಗೊತ್ತಾ? ಈ ಮುದುಕನಿಗೆ ಮೈಲುತುತ್ತಕ್ಕೆ ಸುಣ್ಣ ಕಲಸೋಕೆ ಬರಲ್ಲ, ತನ್ನ ತೋಟ ತಾನೇ ಸುಟ್ಕೊಂಡ ಅಂದ. ಎಲ್ಲಾ ನಕ್ಕರು. ನಲವತ್ತು ವರ್ಷ ಕಲಸಿದ ಕೈ ಅದು! ಆಮೇಲೆ ಅವರು ಚಾವಡಿ ಕಡೆ ತಲೆ ಹಾಕಲಿಲ್ಲ. ಅನ್ನ ಬಿಟ್ಟರು. ಸಂಕ್ರಾಂತಿಯ ತೈ ತಿಂಗಳಲ್ಲಿ ಹೋದರು."

"ಅದಕ್ಕೇ ಅಲ್ಲಿ ಕೆಲಸಕ್ಕೆ ಸೇರಿದಿರಾ?"

"ಮತ್ತೆ? ದಿನಾ ಅವನ ರೂಮು ಗುಡಿಸಿದೆ. ನನ್ನ ಮುಖ ನೋಡಿದವನೇ ಅಲ್ಲ, ಹಾಳಾದವನು! ಸುಣ್ಣದ ಹಾಲು ಅವನ ಪೈಪಿಗೆ ಏರೋದನ್ನ ನೋಡ್ತಾ ನಿಂತಿದ್ದೆ. ಹೊಟ್ಟೆ ತಣ್ಣಗಾಯ್ತು."

"ಬಾವಿ ನೀರಿನ ಮೇಲೂ ಕೇಸು ಹಾಕ್ತೀನಿ ಅತ್ತೆ."

"ಹಾಕು. ಅವರಿದ್ದಾಗ ಹಾಕಿದ್ದರೆ ನಾನು ಸುಣ್ಣ ಮುಟ್ತಿರಲಿಲ್ಲ."

ಅಭಿರಾಮಿ ಅರೆಸ್ಟ್ ಮೆಮೊಗೆ ಸಹಿ ಹಾಕಿಸಿಕೊಂಡು ಮೆಲ್ಲಗೆ ಅಂದರು: "ಹಿತ್ತಲ ಕಡೆ ಜೀಪು ತರಿಸ್ತೀನಿ. ಯಾರೂ ನೋಡೋದು ಬೇಡ."

"ಬೇಡ! ಚಾವಡಿ ಮುಂದೇನೇ ನಡೆಸ್ಕೊಂಡು ಹೋಗು."

ಚಾವಡಿಯಲ್ಲಿ ಹತ್ತಿಪ್ಪತ್ತು ಗಂಡಸರು ಕೂತಿದ್ದರು. ರಾಜಮ್ಮಾಳ್ ಅವರೆದುರು ನಿಂತಳು.

"ನಾನು ಚಿನ್ನಸಾಮಿ ಹೆಂಡತಿ. ಮ್ಯಾನೇಜರನ ಮೈಲುತುತ್ತಕ್ಕೆ ಸುಣ್ಣ ಕಲಸಿದ್ದು ನಾನೇ. ಅವರು ಹೇಳಿಕೊಟ್ಟ ಹಾಗೇ ಕಲಸಿದೀನಿ. ಈಗ ನಗ್ರೋ, ನೋಡೋಣ!"

ಯಾರೂ ನಗಲಿಲ್ಲ. ಮುದುಕನೊಬ್ಬ ಎದ್ದು, ಹೆಗಲ ಮೇಲಿನ ಟವೆಲ್ ತೆಗೆದು ಕೈಯಲ್ಲಿ ಹಿಡಿದ. ಆಮೇಲೆ ಉಳಿದವರೂ ಒಬ್ಬೊಬ್ಬರಾಗಿ ಎದ್ದರು. ಕೊನೆಯವನು ಏಳುವವರೆಗೂ ಕಾದು ರಾಜಮ್ಮಾಳ್ ಜೀಪು ಹತ್ತಿದಳು.