ಕಾಗದದ ಲೋಟದಲ್ಲಿ ಮೂರು ಹಲ್ಲು

ಬ್ರೆಂಟ್ ಕಶುಬಾನ ಹಲ್ಲುಗಳನ್ನು ನಾನು ಕಸದ ಡಬ್ಬಿಗೆ ಎಸೆದದ್ದೇ ನಮ್ಮಿಬ್ಬರ ಪರಿಚಯಕ್ಕೆ ಕಾರಣ.

ನವೆಂಬರಿನ ಒಂದು ಭಾನುವಾರ ಬೆಳಿಗ್ಗೆ. ನಮ್ಮೂರಿನ ಮಂಜುಗಡ್ಡೆಯ ರಿಂಕ್‌ನಲ್ಲಿ ನಲವತ್ತರ ಆಸುಪಾಸಿನವರ ಐಸ್ ಹಾಕಿ ಆಟ ನಡೆದಿತ್ತು. ನನ್ನ ಕ್ಯಾಂಟೀನಿನ ಕೌಂಟರ್ ಮೇಲೆ ಯಾರೋ ಬಿಟ್ಟುಹೋದ ಕಾಫಿ ಲೋಟ ಕಂಡಿತು, ಎತ್ತಿ ಎಸೆದೆ. ಆಟ ಮುಗಿದ ಮೇಲೆ ಆರಡಿ ಆಳೊಬ್ಬ ಬೆವರಿಳಿಸುತ್ತ ಎದುರು ನಿಂತ.

"ಇಲ್ಲಿಟ್ಟಿದ್ದ ಲೋಟ ಎಲ್ಲಿ?"

"ಕಸಕ್ಕೆ ಹಾಕ್ದೆ. ಇನ್ನೊಂದು ಕಾಫಿ ಕೊಡ್ಲಾ?"

"ಅದ್ರಲ್ಲಿ ನನ್ನ ಹಲ್ಲಿತ್ತು."

ಬಾಯಿ ತೆರೆದು ತೋರಿಸಿದ. ಮೇಲಿನ ಮೂರು ಹಲ್ಲು ಇರಲಿಲ್ಲ. ಇಬ್ಬರೂ ಡಬ್ಬಿಗೆ ಕೈ ಹಾಕಿ, ಗ್ರೇವಿ ಮೆತ್ತಿದ ಆಲೂಗಡ್ಡೆ ಫ್ರೈಸ್ ನಡುವೆ ಹುಡುಕಿದೆವು. ಸಿಕ್ಕಾಗ ಅವನು ನಕ್ಕ ಆ ಬೊಚ್ಚು ನಗು ನೋಡಿ ನಾನು ಅಲ್ಲೇ ಕೆಟ್ಟೆ. ಆಟಕ್ಕಿಳಿಯುವ ಮುಂಚೆ ಕಟ್ಟಿಸಿದ ಹಲ್ಲು ತೆಗೆದು ತಂಡದ ಸಹಾಯಕನ ಕೈಗೆ ಕೊಡುವುದು ಅವನ ಹಳೇ ಅಭ್ಯಾಸವಂತೆ. ಅಂದಿನಿಂದ ಆ ಕೆಲಸ ನನ್ನದಾಯಿತು.

"ಜೋಪಾನ, ಮಾರ್ನಿ," ಅನ್ನುತ್ತಿದ್ದ ಪ್ರತಿ ಭಾನುವಾರ. ಲೋಟ ಕೊಡುವಾಗ ಅವನ ಬೆರಳು ನನ್ನ ಬೆರಳ ಮೇಲೆ ಬೇಕಾದ್ದಕ್ಕಿಂತ ಒಂದು ಕ್ಷಣ ಹೆಚ್ಚೇ ಇರುತ್ತಿತ್ತು.

"ಹೋಗೋ, ಐಸ್ ಕರಗಿಹೋಗುತ್ತೆ."

"ಕರಗ್ಲಿ ಬಿಡು."

ಹದಿನೇಳು ವರ್ಷ ದೊಡ್ಡ ಲೀಗುಗಳಲ್ಲಿ ಆಡಿದವನು. ಒಂಬತ್ತು ತಂಡ, ಒಂಬತ್ತು ಊರು. ಫೋನ್ ಬರುತ್ತಿತ್ತು, ನಿನ್ನನ್ನು ಇನ್ನೊಂದು ತಂಡಕ್ಕೆ ಕೊಟ್ಟಿದ್ದೇವೆ, ನಾಳೆ ಅಲ್ಲಿರು ಅನ್ನುತ್ತಿದ್ದರು, ಇವನು ಹೊರಡುತ್ತಿದ್ದ. ಮಂಡಿ ಕೈಕೊಟ್ಟ ಮೇಲೆ ಫೋನ್ ನಿಂತಿತು, ಚಡಪಡಿಕೆ ನಿಲ್ಲಲಿಲ್ಲ. ನನ್ನೆದುರು ಕೂತಾಗಲೂ ಕಾಲು ಕುಣಿಸುತ್ತಿದ್ದ, ಕಣ್ಣು ಫೋನಿನ ಮೇಲೇ. ಬಾಡಿಗೆ ಮನೆಯಲ್ಲಿ ಅವನ ಬಟ್ಟೆಗಳು ಕಪಾಟಿನ ಮುಖ ಕಂಡಿರಲಿಲ್ಲ, ಎಲ್ಲ ಆಟದ ಬ್ಯಾಗಿನಲ್ಲೇ. ಇಂಥವನಿಗೆ ಮನಸ್ಸು ಕೊಟ್ಟು ನನಗೂ ನೆಮ್ಮದಿಯಿರಲಿಲ್ಲ.

ಮಾರ್ಚಿನಲ್ಲಿ ಆ ಫೋನ್ ಬಂದೇಬಿಟ್ಟಿತು.

"ಪಶ್ಚಿಮದ ಕಡೆ ಒಂದು ತಂಡ. ಹೊಸ ಆಟಗಾರರನ್ನ ಹುಡುಕೋ ಕೆಲ್ಸ, ಊರೂರು ಸುತ್ತಬೇಕು," ಅಂದ. "ನೀನೇನಂತೀಯ?"

"ನಾನೇನು ನಿನ್ನ ಮ್ಯಾನೇಜರಾ?"

ಹೋಗಬೇಡ ಅನ್ನಬಹುದಿತ್ತು. ಆದರೆ ಅಷ್ಟು ಹೊತ್ತಿಗೆ ನನಗೆ ಸಿಟ್ಟು ನೆತ್ತಿಗೇರಿತ್ತು.

ಮುಂದಿನ ಭಾನುವಾರ ಕೊನೆಯ ಆಟ ಆಡಿದ. ಕಾರಿನ ಹಿಂದಿನ ಸೀಟಿನಲ್ಲಿ ಆಗಲೇ ಬ್ಯಾಗ್ ಕೂತಿತ್ತು. ಅವನ ಮುಖ ನೋಡಲಾರದೆ ನಾನು ಒಳಗೆ ಆಲೂಗಡ್ಡೆ ಹೆಚ್ಚುತ್ತ ನಿಂತೆ.

"ಲೋಟ ಕೌಂಟರ್ ಮೇಲಿದೆ, ತಗೊಂಡ್ಹೋಗು!" ಎಂದು ಕೂಗಿದೆ.

"ಬರ್ತೀನಿ, ಮಾರ್ನಿ."

ಬಾಗಿಲು ಹಾಕಿಕೊಂಡ ಶಬ್ದ ಬಂತು. ಆಲೂಗಡ್ಡೆ ಎಲ್ಲ ಹೆಚ್ಚಿ ಮುಗಿಸಿ ಹೊರಗೆ ಬಂದರೆ ಲೋಟ ಅಲ್ಲೇ ಇತ್ತು, ಒಳಗೆ ಮೂರು ಹಲ್ಲು. ಕೈಯೊರೆಸಿಕೊಳ್ಳದೆ ಫೋನ್ ಮಾಡಿದೆ.

"ಹಲ್ಲು ಮರೆತು ಹೋಗಿದ್ದೀಯಲ್ಲೋ!"

"ಮರೆತಿಲ್ಲ." ಅವನ ದನಿ ಸಣ್ಣಗಿತ್ತು. "ಒಂಬತ್ತು ಊರಲ್ಲಿ ಏನೇನೋ ಬಿಟ್ಟಿದ್ದೀನಿ. ಒಂದ್ಕಡೆ ಹೊಸ ಸೋಫಾನೇ ಬಿಟ್ಟು ಬಂದೆ. ಹಲ್ಲು ಮಾತ್ರ ಎಲ್ಲೂ ಬಿಟ್ಟಿಲ್ಲ ಕಣೇ. ಬೇಕಂತಲೇ ಇಟ್ಟು ಬಂದೆ."

"ಎಲ್ಲಿದ್ದೀಯ ಈಗ?"

"ಸಸ್ಕಾಟೂನ್ ಕಡೆ ತಿರುಗೋ ಕ್ರಾಸ್‌ನಲ್ಲಿ. ಹತ್ತು ನಿಮಿಷದಿಂದ ನಿಂತಿದ್ದೀನಿ. ವಾಪಸ್ ಬಾ ಅಂತ ಒಂದ್ಸಲ ಅನ್ನು, ಬರ್ತೀನಿ."

ನಾಲಿಗೆಯ ತುದಿಗೆ ಬಂದಿತ್ತು, ನುಂಗಿಕೊಂಡೆ. ಇವನ ಬದುಕಿನ ಪ್ರತಿ ತಿರುವನ್ನೂ ಫೋನಿನ ಆಚೆಯಿದ್ದ ಯಾರೋ ನಿರ್ಧರಿಸಿದ್ದರು.

"ಅನ್ನಲ್ಲ. ಅಂದ್ರೆ ನಾನು ನಿನ್ನ ಹತ್ತನೇ ತಂಡ ಆಗ್ತೀನಿ ಅಷ್ಟೇ. ಇನ್ನೊಂದು ಫೋನ್ ಬಂದ್ರೆ ಹೊರಟೇಬಿಡ್ತೀಯ." ಲೋಟವನ್ನು ಹತ್ತಿರಕ್ಕೆ ಎಳೆದುಕೊಂಡೆ. "ನೀನಂದ್ರೆ ನಂಗಿಷ್ಟ ಕಣೋ, ಹೇಳೋಕಾಗದಷ್ಟು ಇಷ್ಟ. ಅದು ಗೊತ್ತಿರ್ಲಿ. ಎತ್ತ ತಿರುಗ್ಬೇಕು ಅನ್ನೋದು ಮಾತ್ರ ನೀನೇ ನೋಡ್ಕೋ."

ಆ ಕಡೆ ಲಾರಿಯೊಂದು ಹಾದುಹೋದ ಸದ್ದು. ಆಮೇಲೆ ಟಿಕ್ ಟಿಕ್ ಅಂತ ಕಾರಿನ ಇಂಡಿಕೇಟರ್ ಕೇಳಿಸತೊಡಗಿತು.

"ಯಾವ ಕಡೆಗೆ ಹಾಕ್ದೆ?" ತಡೆಯಲಾರದೆ ಕೇಳಿಯೇಬಿಟ್ಟೆ.

"ಫ್ರೈಸ್ ಹಾಕು," ಅಂದ. "ಗ್ರೇವಿ ಜಾಸ್ತಿ ಇರ್ಲಿ, ಕಚ್ಚೋಕೆ ಹಲ್ಲಿಲ್ಲ."