ಎಡಕ್ಕೆ ವಾಲಿದ ಹೊಲಿಗೆ

"ಮುಟ್ಟಬೇಡಿ ಅದನ್ನ!"

ಅವಳ ಕೂಗಿಗೆ ಕೋಣೆಯಲ್ಲಿದ್ದ ಹೆಂಗಸರ ಸೂಜಿಗಳೆಲ್ಲ ಒಮ್ಮೆಲೇ ನಿಂತವು.

ತೆರೆದ ಪೆಟ್ಟಿಗೆಯ ಮುಂದೆ, ಅರೆಬರೆ ಹೊಲಿದ ಕೌದಿಯ ಮೇಲೆ ಕೈಯಿಟ್ಟು ನಿಂತಿದ್ದವನು ಹೊಲಿಗೆ ಮಷೀನ್ ರಿಪೇರಿಯವನು.

"ಕ್ಷಮಿಸಿ... ಎಣ್ಣೆ ಡಬ್ಬಿ ಹುಡುಕ್ತಿದ್ದೆ" ಎಂದ. ಕಣ್ಣು ಮಾತ್ರ ಅವಳ ಮುಖದಿಂದ ಕದಲಲಿಲ್ಲ. ಮೊದಲ ಸಲ ನೋಡುವವರು ಹೀಗೆ ನೋಡುತ್ತಾರೆಯೇ? ಎಷ್ಟೋ ಕಾಲದಿಂದ ಬಲ್ಲವನ ಹಾಗೆ!

ಅವಳು ಕೌದಿಯನ್ನು ಕಸಿದು ಎದೆಗವಚಿಕೊಂಡಳು. ಅದು ಅವಳ ಅಕ್ಕನದು. ಅಕ್ಕ ಹಾಸಿಗೆ ಹಿಡಿದಾಗ ಅರ್ಧಕ್ಕೆ ನಿಂತದ್ದು. ಅಕ್ಕ ತೀರಿಕೊಂಡ ಮೇಲೆ ಮನೆಯಲ್ಲಿ ಇಟ್ಟುಕೊಳ್ಳುವ ಧೈರ್ಯ ಸಾಲದೆ, ಅದನ್ನು ಹೆಂಗಸರು ಸೇರಿ ಕೌದಿ ಹೊಲಿಯುವ ಈ ಕೂಟದ ಪೆಟ್ಟಿಗೆಗೆ ಸೇರಿಸಿದ್ದಳು. ಅಂದಿನಿಂದ ಅವಳ ಸೂಜಿಯೂ ನಿಂತುಹೋಗಿತ್ತು. ಈ ದಿನ ಬಂದಿದ್ದು, ಇವರ ನಡುವೆ ಕೂತರೆ ಹೊಸದೇನಾದರೂ ಹೊಳೆದೀತು ಎಂಬ ಆಸೆಯಿಂದ.

"ಬಾ ಮಗಳೇ, ಕೂತ್ಕೋ" ಎಂದರು ಎಲ್ಲರೂ ದೊಡ್ಡಮ್ಮ ಎಂದು ಕರೆಯುವ, ಕೂಟದ ಹಿರಿಯಾಕೆ. "ನೋಡು, ಇವಳು ಅಡುಗೆಮನೆ ಟೈಲ್ಸ್ ನೋಡಿ ವಿನ್ಯಾಸ ಕದ್ದಿದ್ದಾಳೆ. ಆ ಮಹಾತಾಯಿ ಗಂಡನ ಹಳೇ ಅಂಗಿಗಳಿಗೆ ಕತ್ತರಿ ಹಾಕಿದ್ದಾಳೆ."

"ಹಳೇವು ಅಂತ ನಾನಂದ್ಕೊಂಡೆ! ಅವರು ಅದರಲ್ಲೇ ಒಂದನ್ನ ಹಾಕ್ಕೊಂಡು ಮದುವೆಗೆ ಹೋಗ್ಬೇಕಿತ್ತಂತೆ!"

ಎಲ್ಲರೂ ಬಿದ್ದು ಬಿದ್ದು ನಕ್ಕರು. ಅವಳೂ ನಗುತ್ತಾ ಕೌದಿ ಬಿಡಿಸಿದಳು.

ಅಕ್ಕ ನಿಲ್ಲಿಸಿದ್ದ ಜಾಗದಿಂದ ಮುಂದೆ ಹೊಸ ಸಾಲು! ಸಣ್ಣ ಸಣ್ಣ ಹೊಲಿಗೆ, ಎಲ್ಲವೂ ಎಡಕ್ಕೆ ವಾಲಿದವು.

"ಇದನ್ನ ಯಾರು ಹೊಲಿದ್ರು?"

ಹೆಂಗಸರು ಮುಖ ಮುಖ ನೋಡಿಕೊಂಡರು.

"ನಾವ್ಯಾರೂ ಮುಟ್ಟಿಲ್ಲಮ್ಮ. ಎಡಗೈಲಿ ಹೊಲಿಯೋಳು ನಿಮ್ಮಕ್ಕ ಒಬ್ಬಳೇ ಇದ್ದಿದ್ದು..." ದೊಡ್ಡಮ್ಮನ ದನಿ ಇಳಿಯಿತು.

ಅವಳು ಕೌದಿಯನ್ನು ಹತ್ತಿರಕ್ಕೆಳೆದುಕೊಂಡಳು. ಬೆರಳಿನಿಂದ ಆ ಸಾಲನ್ನು ಸವರಿದಳು. ಮತ್ತೆ, ಎಷ್ಟೋ ತಿಂಗಳ ಮೇಲೆ, ತಾನಾಗಿಯೇ ಮುಗುಳ್ನಕ್ಕಳು.

*ಅಕ್ಕಾ... ನೀನಾ?*

ಆಮೇಲೆ ಪ್ರತಿ ವಾರವೂ ಕೌದಿ ಬೆಳೆಯುತ್ತಾ ಹೋಯಿತು. ಬೀದಿಯಲ್ಲಿ ಬೆನ್ನ ಹಿಂದೆ ಅಕ್ಕನ ಚಪ್ಪಲಿ ಸದ್ದು ಕೇಳಿದಂತಾಗುತ್ತಿತ್ತು. ಹೆದರಿಕೆಯಾಗುತ್ತಿತ್ತು, ಆ ಹೆದರಿಕೆಯೇ ಬೇಕೆನಿಸುತ್ತಿತ್ತು. ಹೊಸ ಕೌದಿ ಶುರು ಮಾಡು ಎಂದು ದೊಡ್ಡಮ್ಮ ಎಷ್ಟು ಹೇಳಿದರೂ ಅವಳು ಸೂಜಿ ಹಿಡಿಯಲಿಲ್ಲ. ತಾನು ಹೊಲಿಯತೊಡಗಿದರೆ ಅಕ್ಕ ಬರುವುದನ್ನು ಬಿಟ್ಟುಬಿಟ್ಟರೆ?

ರಿಪೇರಿಯವನು ಮಾತ್ರ ಕೂಟದಲ್ಲಿ ಅವಳ ಪಾಲಿಗಿದ್ದ ಮಷೀನಿಗೆ ಎಣ್ಣೆ ಬಿಡುವುದನ್ನು ತಪ್ಪಿಸುತ್ತಿರಲಿಲ್ಲ.

"ಹೊಲಿಯದೇ ಇಟ್ರೆ ಮಷೀನೂ ಮುನಿಸ್ಕೊಳ್ಳುತ್ತೆ ಕಣ್ರೀ."

"ಮುನಿಸ್ಕೊಳ್ಳಲಿ ಬಿಡಿ, ನೀವಿದ್ದೀರಲ್ಲ ಸಮಾಧಾನ ಮಾಡೋಕೆ!"

ಅಂದುಬಿಟ್ಟು ಅವಳೇ ನಾಚಿದಳು. ಆ ವಾರ ಅವನಿಗೂ ಚಹಾ ತಂದುಕೊಟ್ಟಳು. ಅವನು ಬಲಗೈಯಲ್ಲಿದ್ದ ಸ್ಕ್ರೂಡ್ರೈವರ್ ಕೆಳಗಿಟ್ಟು, ಅದೇ ಕೈ ಚಾಚಿದ.

ಆ ಬೆರಳ ತುದಿಗಳ ತುಂಬಾ ಸೂಜಿ ಚುಚ್ಚಿದ ಗಾಯ!

ಕೌದಿ ಹೊಲಿಯುವವರಿಗೆ ಸೂಜಿ ಚುಚ್ಚುವುದು ಬಟ್ಟೆಯ ಕೆಳಗಿರುವ ಕೈಗೆ. ಬಲಗೈಗೆ ಚುಚ್ಚಿದೆ ಎಂದರೆ, ಸೂಜಿ ಹಿಡಿದದ್ದು ಎಡಗೈ.

ಲೋಟ ಕೈಜಾರಿ ಬಿತ್ತು.

"ನೀವಾ? ನಮ್ಮಕ್ಕನೇ ಬರ್ತಿದ್ದಾಳೆ ಅಂತ ನಂಬಿದ್ನಲ್ರೀ! ಅವಳು ಇವತ್ತು ಎರಡನೇ ಸಲ ಸತ್ತ ಹಾಗಾಯ್ತು ನನಗೆ!"

"ಅವರೇ ಕಲಿಸಿದ್ದು..." ಎಂದ. "ನೀವು ಕೆಲಸಕ್ಕೆ ಹೋದಾಗ ನಿಮ್ಮನೆಗೆ ಮಷೀನ್ ರಿಪೇರಿಗೆ ಬರ್ತಿದ್ದೆ. ಅವರ ಕೈಲಿ ಸೂಜಿ ನಿಲ್ತಿರಲಿಲ್ಲ. 'ಇದು ನನ್ನ ತಂಗಿಗೆ ಹೊದಿಸೋಕೆ, ನೀನು ಮುಗಿಸು' ಅಂದ್ರು. 'ಬೇರೆಯವರ ಹೊಲಿಗೆ ಅಂತ ಗೊತ್ತಾದ್ರೆ ಆ ಹಟಮಾರಿ ಬಿಚ್ಚಿಹಾಕ್ತಾಳೆ, ನನ್ನ ಹಾಗೆ ಎಡಗೈಲೇ ಕಲಿ' ಅಂದ್ರು. ಕೂಟದವರು ಬರೋ ಮುಂಚೆ ಇಲ್ಲಿಗೆ ಬಂದು ಹೊಲೀತಿದ್ದೆ."

"ಆವತ್ತೇ ಯಾಕೆ ಹೇಳ್ಲಿಲ್ಲ?"

"ಆ ಸಾಲು ಸವರ್ತಾ ನೀವು ನಕ್ರಿ. ನಿಮ್ಮಕ್ಕ ಯಾವಾಗ್ಲೂ ಹೇಳ್ತಿದ್ದ ನಗು ಅದೇ... ಕಿತ್ಕೊಳ್ಳೋ ಧೈರ್ಯ ಬರ್ಲಿಲ್ಲ. ತಪ್ಪು ನಂದೇ."

ಅವಳು ಕೌದಿ ಎತ್ತಿಕೊಂಡು ಹೊರಟೇಬಿಟ್ಟಳು.

ಮನೆಯಲ್ಲಿ ಅಕ್ಕನ ಖಾಲಿ ಕುರ್ಚಿಯ ಮುಂದೆ ಕೌದಿ ಹರಡಿದಳು. ಬಿಚ್ಚಿಹಾಕಲೆಂದು ಕತ್ತರಿ ಹಿಡಿದಳು. ಒಂದು ಹೊಲಿಗೆಯ ಪಕ್ಕ ಸಣ್ಣ ಕಂದು ಕಲೆ ಕಂಡಿತು. ರಕ್ತ! ಅಕ್ಕನಿಗೆ ಕೊಟ್ಟ ಮಾತಿಗಾಗಿ, ಬಾರದ ಕೈಯಲ್ಲಿ ಹೊಲಿದು ಹೊಲಿದು ಚುಚ್ಚಿಸಿಕೊಂಡವನ ರಕ್ತ.

ಕತ್ತರಿ ಕೆಳಗಿಟ್ಟು ಅವಳು ಬಿಕ್ಕಿ ಬಿಕ್ಕಿ ಅತ್ತಳು. ಅತ್ತು ಹಗುರಾದ ಮೇಲೆ ಸೂಜಿಗೆ ದಾರ ಪೋಣಿಸಿದಳು.

ಮುಂದಿನ ಕೂಟದ ದಿನ ಎಲ್ಲರಿಗಿಂತ ಮೊದಲು ಹೋದಳು. ಅವನೊಬ್ಬನೇ ಇದ್ದ. ಅವನ ಮುಂದೆ ಕೌದಿ ಬಿಡಿಸಿದಳು. ಎಡಕ್ಕೆ ವಾಲಿದ ಕೊನೆಯ ಸಾಲಿನ ಪಕ್ಕದಲ್ಲೇ ಅವಳ ಸಾಲು, ಬಲಕ್ಕೆ ವಾಲಿದ್ದು. ಎರಡೂ ಕೂಡಿ ಉದ್ದಕ್ಕೂ ಎಲೆಯ ನರಗಳ ಹಾಗೆ ಕಾಣುತ್ತಿದ್ದವು.

"ನನ್ನ ಹೊಸ ಕೌದಿಗೆ ಇದೇ ವಿನ್ಯಾಸ" ಎಂದಳು. "ಆದ್ರೆ ಒಬ್ಬಳ ಕೈಲಿ ಆಗೋದಲ್ಲ."

ಅವನು ಆ ಎರಡೂ ಸಾಲುಗಳ ಮೇಲೆ ಬೆರಳಾಡಿಸಿದ. "ನಾನು... ಅಕ್ಕನ ಮಾತಿಗೆ ಅಂತ ಶುರು ಮಾಡ್ದೆ. ಆಮೇಲೆ ನಿಮಗೋಸ್ಕರವೇ ಹೊಲಿದೆ. ನಿಮ್ಮನ್ನ ಪ್ರೀತಿಸ್ತೀನಿ ಕಣ್ರೀ. ಮತ್ತೆ ಹೆದರಿಸಲ್ಲ, ಇನ್ಮೇಲೆ ಬಲಗೈಲೇ ಹೊಲೀತೀನಿ... ಆದ್ರೆ ಬಲಗೈಲಿ ನನಗೆ ಹೊಲಿಯೋಕೇ ಬರಲ್ಲ. ಕಲಿಸ್ತೀರಾ?"

ಅವಳು ಗಾಯವಾದ ಆ ಬೆರಳುಗಳನ್ನು ತನ್ನ ಕೈಯೊಳಗೆ ತೆಗೆದುಕೊಂಡಳು.

"ಬೇಡ. ಎಡಗೈ ಅಕ್ಕ ಕಲಿಸಿದ್ದು, ಹಾಗೇ ಇರಲಿ. ಬಲಗೈ ನಂದಿದೆಯಲ್ಲ."